ಕೆಡವಿದ ಮನೆಯ ಬಾಗಿಲು

ಸಾಂಬ್ರಾಣಿ ಎಂಬ ಊರಿನ ಮಹಾದೇವಕ್ಕನಿಗೆ ಓದಲು ಬರುತ್ತದೆ, ಬರೆಯಲೂ ಬರುತ್ತದೆ. ಆದರೆ ಮದುವೆಯ ಹೇಳಿಕೆಗೆ ಹೊರಟಾಗ ಅವಳ ಕೈಯಲ್ಲಿ ಚೀಟಿ ಇದ್ದದ್ದನ್ನು ಊರಿನಲ್ಲಿ ಯಾರೂ ನೋಡಿಲ್ಲ. ನಾಲ್ಕು ಓಣಿ, ನೂರಾ ಹದಿನೆಂಟು ಮನೆ. ಕೈಯಲ್ಲಿ ಅರಿಶಿನ ಕುಂಕುಮದ ತಟ್ಟೆ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ತಲೆಯ ಮೇಲೆ ಸೆರಗು. ಕಾರ್ಡು ಹಂಚುವವರು ಹಂಚಲಿ, ವಾಟ್ಸಾಪಿನಲ್ಲಿ ಬಿಡುವವರು ಬಿಡಲಿ, ಆ ನಾಲ್ಕು ಓಣಿಯ ಹೆಂಗಸರು ಮಾತ್ರ "ಮಹಾದೇವಕ್ಕ ಹೇಳಿ ಹೋಗ್ಯಾಳೇನು?" ಎಂದು ಕೇಳಿಕೊಂಡೇ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆಯುತ್ತಿದ್ದರು.

ಹೇಳಿಕೆಯೆಂದರೆ ಬರೀ ಕರೆಯುವುದಲ್ಲ. ಅದರಲ್ಲಿ ಎರಡು ಬಗೆ. ಹೋಗಿ ಬರುವಷ್ಟೇ ಪರಿಚಯದ ಮನೆಗೆ "ಮನಿಗೊಬ್ಬರು ಬರ್ರಿ" ಎನ್ನಬೇಕು. ಹತ್ತಿರದ ಬಳಗಕ್ಕೆ "ಒಲಿ ಹಚ್ಚಬ್ಯಾಡ್ರಿ" ಎನ್ನಬೇಕು. ಅಂದರೆ ಅವತ್ತು ಆ ಮನೆಯ ಒಲೆ ಆರಿರಬೇಕು, ತೊಟ್ಟಿಲ ಕೂಸಿನಿಂದ ಹಿಡಿದು ಕೋಲೂರುವ ಮುದುಕರ ತನಕ ಎಲ್ಲರ ಊಟವೂ ಮದುವೆಯ ಚಪ್ಪರದಲ್ಲೇ ಆಗಬೇಕು. ಯಾವ ಮನೆಗೆ ಯಾವುದು ಎಂಬುದು ಮದುವೆಯಿಂದ ಮದುವೆಗೆ ಬದಲಾಗುತ್ತದೆ. ದುರ್ಗಪ್ಪನಿಗೆ ಬೀಗರಾದವರು ಮಲ್ಲೇಶನಿಗೆ ಬರೀ ನೆರೆಯವರು. ಹೆಚ್ಚು ಕರೆದರೆ ಅನ್ನ ಸಾಲದು, ಕಡಿಮೆ ಕರೆದರೆ ಮಾನ ಉಳಿಯದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳಿದ್ದು ಇಂಥ ಕಡೆಗೇ ಇರಬೇಕು.

ಇಷ್ಟನ್ನೂ ಅವಳು ತಲೆಯಲ್ಲಿ ಇಟ್ಟುಕೊಳ್ಳುತ್ತಿದ್ದ ರೀತಿ ಕೇಳಿದರೆ ನಗು ಬರುತ್ತದೆ. ಹಿಂದಿನ ದಿನ ಮದುವೆಯ ಮನೆಯವರು ಯಾರಿಗೆ ಏನು ಎಂದು ಒಂದು ಸಲ ಹೇಳುವರು, ಒಂದೇ ಸಲ. ಮರುದಿನ ನಸುಕಿನಲ್ಲಿ, ಇನ್ನೂ ಕೌದಿಯೊಳಗಿರುವಾಗಲೇ, ಮಹಾದೇವಕ್ಕ ಕಣ್ಣು ಮುಚ್ಚಿಕೊಂಡು ಊರೊಳಗೆ ಹೊರಡುವಳು. ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ, ಅಂಥ ಹೊತ್ತು. ಓಣಿಯ ತುಂಬ ಮಂಜು. ಮೊಣಕಾಲಿನಲ್ಲಿ ನೋವಿಲ್ಲ, ಹೆಜ್ಜೆಯ ಸದ್ದಿಲ್ಲ, ನಾಯಿ ಕೂಡ ಬೊಗಳುವುದಿಲ್ಲ. ಒಂದೊಂದೇ ಬಾಗಿಲಿನ ಮುಂದೆ ನಿಂತು ಒಳಗೆ ಇಣುಕುವಳು. ಒಲೆ ಹಚ್ಚಬಾರದ ಮನೆಯಾದರೆ ಅದರ ಒಲೆಯ ಬೂದಿಯಲ್ಲಿ ಒಂದು ಬೆಕ್ಕನ್ನು ಮಲಗಿಸಿ ಬರುವಳು. ಮನೆಗೊಬ್ಬರು ಎನ್ನುವ ಮನೆಯಾದರೆ ಹೊಸ್ತಿಲ ಹೊರಗೆ ಒಂಟಿ ಚಪ್ಪಲಿ ಬಿಟ್ಟು ಬರುವಳು. ಬೆಕ್ಕುಗಳೂ ಒಂದೇ ತರಹದವಲ್ಲ. ಒಂದು ಗೊರಕೆ ಹೊಡೆಯುತ್ತಿತ್ತು, ಇನ್ನೊಂದಕ್ಕೆ ಮೂಗುಬೊಟ್ಟಿತ್ತು, ಮತ್ತೊಂದು ಆ ಮನೆಯ ಯಜಮಾನನ ರುಮಾಲು ಸುತ್ತಿಕೊಂಡಿರುತ್ತಿತ್ತು.

ಈ ವಿದ್ಯೆ ಅತ್ತೆಯಿಂದ ಬಂದದ್ದು. ಅತ್ತೆ ಹೇಳುತ್ತಿದ್ದಳಂತೆ: "ಹೆಸರು ಅನ್ನೂದು ಗಾಳಿಗೆ ತೂರಿದ ಹೊಟ್ಟು ಇದ್ದಂಗ, ಹಾರಿ ಹೋಗತೈತಿ. ಅದನ್ನ ಯಾವದರ ಬಾಗಲಕ್ಕ ಕಟ್ಟಿ ಹಾಕು. ಕಟ್ಟೂವಾಗ ನಗು ಬರೂ ಹಂಗ ಕಟ್ಟು. ನಕ್ಕಿದ್ದು ಮರಿಯೂದಿಲ್ಲ."

ಗಂಡ ನಾಗಲಿಂಗಪ್ಪನದು ಇದಕ್ಕೆ ತದ್ವಿರುದ್ಧ. ಅವನಿಗೆ ಯಾವುದೂ ನೆನಪಿರುವುದಿಲ್ಲ, ನೆನಪಿಲ್ಲ ಎಂಬ ಚಿಂತೆಯೂ ಇಲ್ಲ. ಚಷ್ಮಾವನ್ನು ಹಣೆಗೇರಿಸಿಕೊಂಡು ಮನೆಯೆಲ್ಲ ಜಾಲಾಡುತ್ತಾನೆ, ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ. "ಮರವು ಅನ್ನೂದು ದೇವರು ಕೊಟ್ಟ ವರ, ನನಗ ಎರಡು ಸಲ ಕೊಟ್ಟಾನ" ಎಂದು ನಗುತ್ತಾನೆ. ಅವನು ಮರೆತರೆ ಯಾರೂ ಬೇಸರಿಸುವುದಿಲ್ಲ. ಮಹಾದೇವಕ್ಕ ಒಂದು ಸಲ ಮರೆತಳು ನೋಡಿ, ಊರು ಹುಬ್ಬೇರಿಸಿತು. ಜಾಣರ ಹಣೆಬರಹವೇ ಇಷ್ಟು.

ಅದು ನಡೆದದ್ದು ಹೋದ ಚೈತ್ರದಲ್ಲಿ, ದುರ್ಗಪ್ಪನ ಮಗಳ ಮದುವೆಯಲ್ಲಿ. ಶಂಕ್ರವ್ವನ ಮನೆ ದುರ್ಗಪ್ಪನಿಗೆ ತಾಯಿಯ ಕಡೆಯ ಬಳಗ. ಅಲ್ಲಿ ಒಲೆ ಹಚ್ಚಬ್ಯಾಡ್ರಿ ಎನ್ನಬೇಕಿತ್ತು. ಮಹಾದೇವಕ್ಕ ಮನೆಗೊಬ್ಬರು ಎಂದು ಹೇಳಿ ಮುಂದೆ ಹೋದಳು. ಹೇಳಿಸಿಕೊಂಡವಳು ಸೊಸೆ. ಒಳಗೆ ಅಕ್ಕಿ ಆರಿಸುತ್ತ ಕುಳಿತಿದ್ದ ಶಂಕ್ರವ್ವನ ಕಿವಿಗೆ ಅದು ಸೀಸ ಹೊಯ್ದಂತೆ ಬಿತ್ತು. ಸಾಲದ್ದಕ್ಕೆ ಪಕ್ಕದ ಮಹಾಂತಪ್ಪನ ಮನೆಗೆ ಒಲೆ ಹಚ್ಚಬ್ಯಾಡ್ರಿ ಎಂಬ ಹೇಳಿಕೆ ಹೋಗಿತ್ತು. ಆ ಎರಡು ಮನೆಗೂ ಮೋರಿಯ ಜಗಳ, ಹನ್ನೆರಡು ವರ್ಷದ್ದು. ಮಹಾಂತಪ್ಪ ಸಂಸಾರ ಸಮೇತ ಹನ್ನೊಂದು ಜನ ಬಂದು ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಂಡು ಉಂಡ. ಶಂಕ್ರವ್ವನ ಮನೆಯಿಂದ ಸೊಸೆಯೊಬ್ಬಳೇ ಬಂದಳು, ಉಡುಗೊರೆ ಕೊಟ್ಟಳು, ನೀರು ಕೂಡ ಕುಡಿಯದೆ ಹೋದಳು.

ಶಂಕ್ರವ್ವ ಬೇರೆ ಯಾರೋ ಆಗಿದ್ದರೆ ಕಾಲು ಹಿಡಿದು ಮುಗಿಸಬಹುದಿತ್ತು. ಆದರೆ ಇಬ್ಬರೂ ಒಂದೇ ತಿಂಗಳಲ್ಲಿ ಆ ಊರಿಗೆ ಸೊಸೆಯರಾಗಿ ಬಂದವರು. ಮೂವತ್ತೆಂಟು ವರ್ಷ ಒಂದೇ ಬಾವಿಯಲ್ಲಿ ನೀರು ಸೇದಿದವರು. ತವರಿನ ನೆನಪಾಗಿ ಅತ್ತರೆ ಒಬ್ಬರ ಸೆರಗಿನಲ್ಲಿ ಇನ್ನೊಬ್ಬರು ಮೂಗೊರೆಸಿಕೊಂಡವರು. ದುರ್ಗಪ್ಪನ ಮಗಳ ಮದುವೆಯಾದ ಮೇಲೆ ಏಳು ತಿಂಗಳು ಶಂಕ್ರವ್ವ ಮಾತು ಬಿಟ್ಟಳು. ಬಸ್ಸಿನಲ್ಲಿ ಎದುರಾದರೆ ಕಿಟಕಿಯ ಹೊರಗೆ ನೋಡುವಳು. ಕಬ್ಬಿನ ಗದ್ದೆಯಲ್ಲಿ ನೋಡುವಂಥದ್ದು ಏನಿದೆಯೋ ಅವಳಿಗೇ ಗೊತ್ತು.

ಮಹಾದೇವಕ್ಕನಿಗೆ ಇದಕ್ಕಿಂತ ದೊಡ್ಡ ಭಯ ಒಳಗೆ ಕುಳಿತಿತ್ತು. ಅವಳ ತಾಯಿ ಕೊನೆಯ ಎರಡು ವರ್ಷ ಹೆತ್ತ ಮಕ್ಕಳ ಗುರುತು ಹಿಡಿಯದೆ ಹೋದವಳು. ಮಹಾದೇವಕ್ಕ ಅನ್ನ ಕಲಸಿ ಬಾಯಿಗಿಟ್ಟರೆ "ನೀ ಯಾರ ಪೈಕಿ ತಂಗೀ?" ಎಂದು ಕೇಳುತ್ತಿದ್ದಳು. ಆ ಪ್ರಶ್ನೆ ಈಗ ತನ್ನ ಬಾಯಿಗೂ ಬರುತ್ತಿದೆ ಎಂದು ಮಹಾದೇವಕ್ಕನಿಗೆ ಅನ್ನಿಸತೊಡಗಿತು. ಮಲ್ಲೇಶ ತನ್ನ ಮಗನ ಮದುವೆಗೆ ಹೇಳಿಕೆಗೆ ಕರೆದಾಗ ಮೊಣಕಾಲು ನೋವೆಂದು ಸುಳ್ಳು ಹೇಳಿದಳು. ನಸುಕಿನಲ್ಲಿ ಕಣ್ಣು ಮುಚ್ಚಲು ಹೆದರಿ, ಎಚ್ಚರಾದ ಕೂಡಲೇ ಎದ್ದು ಕುಳಿತುಬಿಡುತ್ತಿದ್ದಳು.

ಸೊಸೆ ಸುನಂದಾ ಅಂಗನವಾಡಿ ನಡೆಸುವವಳು, ಮುಖ ನೋಡಿಯೇ ಹಸಿವು ಯಾವುದು, ಹಟ ಯಾವುದು ಎಂದು ತಿಳಿಯುವವಳು. ಒಂದು ಸೋಮವಾರ ಅತ್ತೆಯನ್ನು ಬಸ್ಸು ಹತ್ತಿಸಿ ಹಳಿಯಾಳಕ್ಕೆ ಕರೆದೊಯ್ದಳು. ಬಸ್ ಸ್ಟ್ಯಾಂಡಿನ ಹಿಂದೆ ಡಾಕ್ಟರ್ ಯಾಸ್ಮೀನ ಅವರ ದವಾಖಾನೆ. ಡಾಕ್ಟರು ರಕ್ತ ತೆಗೆಸಿದರು, ಕಿವಿ ನೋಡಿದರು, ನಿದ್ದೆ ಹೇಗಿದೆ ಎಂದು ಕೇಳಿದರು. ಆಮೇಲೆ, "ಮೂರು ಶಬ್ದ ಹೇಳ್ತೇನಿ, ನೆಪ್ಪಿಡ್ರಿ. ಎಮ್ಮಿ, ಕನ್ನಡಿ, ಛತ್ರಿ. ಸ್ವಲ್ಪ ಹೊತ್ತು ಬಿಟ್ಟು ಕೇಳ್ತೇನಿ" ಎಂದು ಬೇರೆ ಮಾತಿಗೆ ತೊಡಗಿದರು. ಗಡಿಯಾರ ಬರೆಸಿದರು, ವಾರಗಳ ಹೆಸರನ್ನು ಹಿಂದಿನಿಂದ ಮುಂದಕ್ಕೆ ಹೇಳಿಸಿದರು, ನಡುವೆ ಫೋನಿನಲ್ಲಿ ಯಾರಿಗೋ ಗದರಿದರು. ಕೊನೆಗೆ ಚೀಟಿ ಬರೆದು ಕೈಗೆ ಕೊಟ್ಟರು.

ಮಹಾದೇವಕ್ಕ ಏಳಲಿಲ್ಲ. "ಡಾಕ್ಟರ ಬಾಯಾರ, ನೀವು ಎಮ್ಮಿ ಕೇಳಲೇ ಇಲ್ಲಲ್ರಿ. ಆವಾಗಿಂದ ನಿಮ್ಮ ಟೇಬಲ್ ಮ್ಯಾಲೆ ಛತ್ರಿ ಹಿಡಕೊಂಡು ಕನ್ನಡ್ಯಾಗ ಮಾರಿ ನೋಡ್ಕೋತ ನಿಂತೈತಿ."

ಡಾಕ್ಟರು ಪೆನ್ನು ಕೆಳಗಿಟ್ಟು ಬಿದ್ದು ಬಿದ್ದು ನಕ್ಕರು. ಮರೆತದ್ದು ಅವರೇ. ಆಮೇಲೆ ಹೊರಗೆ ಕಾಯುವವರನ್ನು ಕಾಯಲು ಬಿಟ್ಟು, ಬೆಕ್ಕು, ಚಪ್ಪಲಿ, ಮಂಜಿನ ಓಣಿ ಎಲ್ಲವನ್ನೂ ಕೇಳಿದರು. ಕೇಳಿ ಮುಗಿದ ಮೇಲೆ ಒಂದು ಪ್ರಶ್ನೆ ಹಾಕಿದರು.

"ಅಜ್ಜೀ, ನೀವು ಕಣ್ಣು ಮುಚ್ಚಿ ಅಡ್ಡಾಡೂ ಊರು ಯಾವ ವರ್ಷದ್ದು?"

ಮಹಾದೇವಕ್ಕನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಡಾಕ್ಟರು ಬಿಡಿಸಿ ಹೇಳಿದರು. "ನೆಪ್ಪು ಅನ್ನೂದು ತಿಜೋರಿಯಾಗ ಇಟ್ಟ ಬಂಗಾರ ಅಲ್ರಿ. ತಗದಾಗೊಮ್ಮೆ ಅದನ್ನ ನಾವು ಹೊಸದಾಗಿ ಕಟ್ಟತೇವಿ. ಜಾಗಾಕ್ಕ ಕಟ್ಟಿ ಹಾಕಿದ್ದು ಗಟ್ಟಿ ಉಳೀತೈತಿ, ನಿಮ್ಮ ಅತ್ತಿ ಖರೇನ ಹೇಳ್ಯಾರ. ಆದರ ಆ ಜಾಗಾ ಆಗಾಗ ಕಣ್ಣಲೆ ನೋಡ್ತಿರಬೇಕು. ನೀವು ಓಣ್ಯಾಗ ತಿರಗ್ಯಾಡಿ ಎಷ್ಟು ದಿನಾ ಆತು?"

ಸುನಂದಾ ಲೆಕ್ಕ ಹಾಕಿದಳು. ಮನೆಗೆ ನಳ ಬಂದು ನಾಲ್ಕು ವರ್ಷ. ಅದಕ್ಕಿಂತ ಮೊದಲು ದಿನಕ್ಕೆ ಮೂರು ಸಲ ಕೊಡ ಹೊತ್ತು ಬಾವಿಗೆ ಹೋಗುತ್ತಿದ್ದ ಅತ್ತೆ, ಈಗ ಮೊಣಕಾಲಿನ ನೆಪದಲ್ಲಿ ಧಾರಾವಾಹಿಯ ಮುಂದೆ ಕುಳಿತರೆ ಕುಳಿತದ್ದೇ. ಹೇಳಿಕೆ ಇದ್ದಾಗ ಮಾತ್ರ ಊರು ಸುತ್ತುವುದು, ಅದೂ ವರ್ಷಕ್ಕೆ ನಾಲ್ಕೈದು ಸಲ, ಅವಸರದಲ್ಲಿ.

"ಇದು ನಿಮ್ಮ ತಾಯಿಯ ಬ್ಯಾನಿ ಅನಸೂದಿಲ್ಲ ನನಗ. ರಕ್ತದ ರಿಪೋರ್ಟ್ ಬರಲಿ, ಆರು ತಿಂಗಳಿಗೆ ಮತ್ತೊಮ್ಮೆ ನೋಡೂಣು" ಎಂದರು ಡಾಕ್ಟರು. "ಗುಳಿಗಿಗಿಂತ ಮೊದಲು ದಿನಾ ನಡೀರಿ. ನೋಡ್ಕೋತ ನಡೀರಿ. ಮುಂದಿನ ಬಾಗಲ ಯಾರದು ಅಂತ ಅಲ್ಲಿಗೆ ಹೋಗೂಕಿಂತ ಮೊದಲ ನೀವ ಕೇಳ್ಕೋರಿ, ಆಮ್ಯಾಲೆ ನೋಡ್ರಿ. ತಪ್ಪಿದರ ತಪ್ಪಲಿ, ತಪ್ಪಿ ತಿದ್ದಿಕೊಂಡಿದ್ದು ಜಾಸ್ತಿ ಉಳೀತೈತಿ. ರಾತ್ರಿ ಟೀವಿ ಬಂದ್ ಮಾಡಿ ಚೊಲೋತ್ನಂಗ ಮಲಕೋರಿ, ದಿನಾ ಕಲತಿದ್ದು ನಿದ್ದ್ಯಾಗ ಬೇರು ಬಿಡತೈತಿ. ಯಾರಿಗರ ಕಲಸ್ರಿ."

ಮರುದಿನ ಬೆಳಿಗ್ಗೆಯಿಂದಲೇ ಮಹಾದೇವಕ್ಕ ಹೊರಟಳು. ಮೊದಲ ದಿನ ನಾಗಲಿಂಗಪ್ಪನೂ ಜೊತೆಗೆ ಬಂದ, ಎರಡನೆಯ ಓಣಿಯಲ್ಲಿ ಚಹಾದ ನೆಪ ಮಾಡಿ ಕಳಚಿಕೊಂಡ. ಅವಳು ಒಬ್ಬಳೇ ನಡೆದಳು. ನಡೆದಂತೆಲ್ಲ ಆಶ್ಚರ್ಯ. ಅವಳ ಕನಸಿನ ಓಣಿಯಲ್ಲಿ ಹುಣಸೆಮರವೊಂದು ಇನ್ನೂ ನೆರಳು ಚೆಲ್ಲುತ್ತಿತ್ತು. ಇಲ್ಲಿ ಅದನ್ನು ಕಡಿದ ಜಾಗದಲ್ಲಿ ನೀರಿನ ಟಾಕಿ. ಅಲ್ಲಿ ದನದ ಕೊಟ್ಟಿಗೆ, ಇಲ್ಲಿ ಮೊಬೈಲ್ ರಿಚಾರ್ಜಿನ ಅಂಗಡಿ. ಅಲ್ಲಿ ಬಾವಿಯ ಕಟ್ಟೆಯ ಮೇಲೆ ಒದ್ದೆ ಕೊಡಗಳ ಸಾಲು, ಇಲ್ಲಿ ಬಾವಿಯ ಬಾಯಿಗೆ ಕಬ್ಬಿಣದ ಜಾಳಿಗೆ. ಇದನ್ನೆಲ್ಲ ಅವಳ ಕಣ್ಣು ನೋಡಿರಲಿಲ್ಲವೆಂದಲ್ಲ, ನೋಡಿತ್ತು. ಆದರೆ ನಸುಕಿನಲ್ಲಿ ಊರು ಸುತ್ತುತ್ತಿದ್ದ ಆ ಇನ್ನೊಬ್ಬ ಮಹಾದೇವಕ್ಕನಿಗೆ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ. ಎರಡು ಸಾಂಬ್ರಾಣಿಗಳ ನಡುವೆ ಅವಳು ನಿಂತಿದ್ದಳು, ಎರಡೂ ಸುಳ್ಳೆನಿಸಲಿಲ್ಲ.

ಮೂರನೆಯ ಓಣಿಗೆ ಬಂದಳು. ಡಾಕ್ಟರು ಹೇಳಿದಂತೆ ಮೊದಲು ತನ್ನನ್ನೇ ಕೇಳಿಕೊಂಡಳು: ಎಡಕ್ಕೆ ನಾಲ್ಕನೆಯ ಬಾಗಿಲು ಯಾರದು? ಶಂಕ್ರವ್ವನದು. ಕಣ್ಣೆತ್ತಿ ನೋಡಿದರೆ ನಾಲ್ಕನೆಯ ಬಾಗಿಲಲ್ಲಿ ಮಹಾಂತಪ್ಪ ಹಲ್ಲುಜ್ಜುತ್ತ ನಿಂತಿದ್ದಾನೆ. ಶಂಕ್ರವ್ವನ ಬಾಗಿಲಿದ್ದಲ್ಲಿ ಸಿಮೆಂಟಿನ ಗೋಡೆ.

ಅವಳು ಅಲ್ಲೇ ಗೋಡೆಗೆ ಕೈಯಿಟ್ಟು ನಿಂತುಬಿಟ್ಟಳು. ಎರಡು ವರ್ಷದ ಹಿಂದೆ ಶಂಕ್ರವ್ವನ ಮಕ್ಕಳು ಹಳೆಯ ಮಣ್ಣಿನ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸಿದ್ದರು. ವಾಸ್ತುವಿನವರ ಮಾತು ಕೇಳಿ ಬಾಗಿಲನ್ನು ಹಿಂದಿನ ಓಣಿಗೆ ತಿರುಗಿಸಿದ್ದರು. ಗೃಹಪ್ರವೇಶದ ಹೊತ್ತಿಗೆ ಮಹಾದೇವಕ್ಕ ಮಗಳು ಸುಮಿತಾಳ ಬಾಣಂತನಕ್ಕೆಂದು ದಾಂಡೇಲಿಯಲ್ಲಿದ್ದಳು. ಆಮೇಲೆ ಬಂದು ಶಂಕ್ರವ್ವನನ್ನು ಮಾತಾಡಿಸಿದ್ದೆಲ್ಲ ಹೊಲದಲ್ಲಿ, ಅಂಗಡಿಯಲ್ಲಿ, ಗೇಟಿನ ಹೊರಗೆ. ಆ ಹೊಸ ಹೊಸ್ತಿಲನ್ನು ಅವಳು ಒಮ್ಮೆಯೂ ದಾಟಿರಲಿಲ್ಲ. ಅದಕ್ಕೇ ಬೆಕ್ಕನ್ನು ಹಳೆಯ ಮನೆಯಲ್ಲೇ ಮಲಗಿಸಿದ್ದಳು. ಓಣಿಯಲ್ಲಿ ಆ ಬಾಗಿಲೇ ಇಲ್ಲದ್ದರಿಂದ ಮುಂದಿನ ಮಹಾಂತಪ್ಪನ ಬಾಗಿಲೇ ನಾಲ್ಕನೆಯದಾಗಿ, ಬೆಕ್ಕು ಅವನ ಪಾಲಾಗಿತ್ತು. ಆ ಮದುವೆಗೆ ಹಿಂದಿನ ಓಣಿಯೆಲ್ಲ ಮನೆಗೊಬ್ಬರ ಓಣಿ. ಅಲ್ಲಿ ನಾಲಿಗೆ ರೂಢಿಯಲ್ಲಿ ಓಡುತ್ತ ಶಂಕ್ರವ್ವನ ಗೇಟಿನ ಮುಂದೆಯೂ ಅದನ್ನೇ ಉದುರಿಸಿತ್ತು.

"ಏನ್ರೀ ಅಕ್ಕಾ, ಯಾಕ ಅಳಾಕತ್ತೀರಿ?" ಎಂದು ಮಹಾಂತಪ್ಪ ಬಾಯಿಯ ನೊರೆಯೊಳಗಿಂದಲೇ ಕೇಳಿದ. ಮಹಾದೇವಕ್ಕ ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು. ತನ್ನ ತಲೆ ಕೆಟ್ಟಿಲ್ಲವೆಂಬ ಸಮಾಧಾನ ಎಷ್ಟು ದೊಡ್ಡದೆಂದರೆ, ಅವನನ್ನು ಹಿಡಿದು ಕುಣಿಸಬೇಕೆನಿಸಿತು.

ಆದರೆ ಆ ಸಂತೋಷ ಮನೆ ಮುಟ್ಟುವ ತನಕವೂ ಉಳಿಯಲಿಲ್ಲ. ಶಂಕ್ರವ್ವನ ಮೊಮ್ಮಗಳ ಮದುವೆ ಗೊತ್ತಾಗಿದೆ, ಇನ್ನು ಹನ್ನೆರಡೇ ದಿನ ಎಂದು ದಾರಿಯಲ್ಲಿ ತಿಳಿಯಿತು. ಹೇಳಿಕೆಗೆ ಯಾರು ಎಂದರೆ, ಈ ಸಲ ಯಾರೂ ಇಲ್ಲ, ಎಲ್ಲ ಫೋನಿನಲ್ಲೇ ಕಳಿಸುತ್ತಾರಂತೆ ಎಂದರು. ಶಂಕ್ರವ್ವನೇ ಹಾಗೆ ಹೇಳಿದ್ದಳಂತೆ: "ನೆಪ್ಪ ಇಲ್ಲದವರ ಬಾಯಿಗೆ ನನ್ನ ಮನಿ ಮಾನಾ ಕೊಡೂದಿಲ್ಲ." ಆ ಹುಡುಗಿ ಹುಟ್ಟಿದಾಗ ಹೊಕ್ಕಳುಬಳ್ಳಿ ಬಿದ್ದ ದಿನವೂ ಮಹಾದೇವಕ್ಕನಿಗೆ ನೆನಪಿತ್ತು. ಅವಳ ಮದುವೆಯಲ್ಲೇ ತಾನು ಹೊರಗಿನವಳು.

ಸುನಂದಾ ಹೇಳಿದಳು, "ಹೋಗಿ ಇದ್ದದ್ದು ಇದ್ದಂಗ ಹೇಳ್ರಿ ಅತ್ತೀ."

"ಏನಂತ ಹೇಳ್ಲಿ? ಬೆಕ್ಕು ತಪ್ಪಿಸಿಕೊಂಡಿತು ಅಂತನ?"

ಆದರೂ ಮರುದಿನ ಮುಂಜಾನೆ ಹೋದಳು. ಗೇಟು ತೆಗೆದೇ ಇತ್ತು. ಶಂಕ್ರವ್ವ ಹೊಸ ಮನೆಯ ಮೆಟ್ಟಿಲ ಮೇಲೆ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಮುಖ ಎತ್ತಲಿಲ್ಲ, ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಮಹಾದೇವಕ್ಕ ಎರಡು ಮೆಟ್ಟಿಲು ಕೆಳಗೆ ಕುಳಿತು, ತಾನೂ ನಾಲ್ಕು ಎಸಳು ಕೈಗೆ ತೆಗೆದುಕೊಂಡು ಸುಲಿಯತೊಡಗಿದಳು.

"ನಾ ನಿನ್ನ ಮರತಿಲ್ಲ ಶಂಕ್ರಿ" ಎಂದಳು ಕೊನೆಗೆ. "ನಾ ಹಳೇ ಬಾಗಲಕ್ಕ ಹೋಗಿದ್ದೆ."

"ಯಾವ ಹಳೇ ಬಾಗಲಾ? ಅದನ್ನ ಕೆಡವಿ ಎರಡು ವರ್ಷಾತು."

"ನನ್ನ ಕಡೆ ಕೆಡವಿಲ್ಲ."

ಮಹಾದೇವಕ್ಕ ಎಲ್ಲವನ್ನೂ ಹೇಳಿದಳು, ನಲವತ್ತು ವರ್ಷ ಊರವರಿಂದ ಮುಚ್ಚಿಟ್ಟ ಬೆಕ್ಕಿನ ಗುಟ್ಟನ್ನೂ. ಡಾಕ್ಟರು ಕೇಳಿದ ಪ್ರಶ್ನೆಯನ್ನೂ, ಗೋಡೆಗೆ ಕೈಯಿಟ್ಟು ಅತ್ತದ್ದನ್ನೂ ಹೇಳಿದಳು. ಹೇಳಿ ಮುಗಿಸಿ ಬೈಗುಳಕ್ಕೆ ಕಾದಳು. ಬೈಗುಳ ಬರಲಿಲ್ಲ. ಶಂಕ್ರವ್ವ ಬೆಳ್ಳುಳ್ಳಿಯ ಸಿಪ್ಪೆಯನ್ನೆಲ್ಲ ಒಟ್ಟುಮಾಡಿ ಪಕ್ಕಕ್ಕೆ ಸರಿಸಿದಳು.

"ನನಗ ಆ ಮನಿ ಪೂರಾ ನೆಪ್ಪಿಗೆ ಬರೂದಿಲ್ಲವ್ವ ಈಗ" ಎಂದಳು ಸಣ್ಣ ದನಿಯಲ್ಲಿ. "ದೀಪದ ಗೂಡು ಬಾಗಲದ ಎಡಕ್ಕಿತ್ತೋ ಬಲಕ್ಕಿತ್ತೋ ಅಂತ ಮೊನ್ನೆ ಭಾಳ ಹೊತ್ತು ಕುಂತೆ. ಬರ್ಲೇ ಇಲ್ಲ. ಮಕ್ಕಳನ್ನ ಕೇಳಿದರ ನಗತಾವು. ಒಂದು ಫೋಟೋನೂ ತಗದಿಲ್ಲ. ನಿನಗ ಕಾಣತೈತೇನ?"

"ಕಾಣತೈತಿ."

"ಹಂಗಾರ ಹೇಳು."

ಮಹಾದೇವಕ್ಕ ಕಣ್ಣು ಮುಚ್ಚಿದಳು. ಏಳು ತಿಂಗಳ ಮೇಲೆ ಮೊದಲ ಬಾರಿ, ಹೆದರದೆ ಮುಚ್ಚಿದಳು. ಮಂಜು ಬಂತು. ಓಣಿ ಬಂತು. "ಬಲಕ್ಕ ಐತಿ ಗೂಡು. ಮ್ಯಾಲೆ ಹೊಗಿ ಹಿಡದು ಕರ್ರಗಾಗೇತಿ. ಹೊಸ್ತಲದ ನಡುವ ಸವದೇತಿ, ಹುಷಾರ, ಕಾಲು ಜಾರತೈತಿ. ಒಳಗ ಬಂದ್ವಿ. ನೆಲಕ್ಕ ಸಾರಿಸಿ ಈಗ ತಾಸು ಆಗೇತಿ, ಹಸಿ ವಾಸನಿ ಬರಾಕತ್ತೇತಿ. ಎಡಕ್ಕ ಕಾಳಿನ ಹಗೇವು, ಅದರ ಮ್ಯಾಲೆ ನಿನ್ನ ಹಸರ ಟ್ರಂಕು."

"ಟ್ರಂಕಿನ ಮ್ಯಾಲೆ ನವಿಲು" ಎಂದಳು ಶಂಕ್ರವ್ವ ತಟ್ಟನೆ. ಅವಳ ಕಣ್ಣೂ ಮುಚ್ಚಿತ್ತು. "ಒಂದು ನವಿಲಿನ ಕುತ್ತಿಗಿ ಬಣ್ಣಾ ಹೋಗಿತ್ತು."

"ಹೂಂ, ಹೋಗೇತಿ. ಮುಂದ ನಡುಮನಿ. ತೊಲಿಗೆ ತೊಟ್ಟಿಲದ ಹಗ್ಗ ಹಂಗ ಐತಿ." ಮಹಾದೇವಕ್ಕ ಅಲ್ಲಿಗೆ ನಿಂತಳು.

"ಯಾಕ ನಿಂತಿ? ಒಳಗ ಯಾರಾರ ಅದಾರೇನ?"

ಮಹಾದೇವಕ್ಕನಿಗೆ ಹೇಳಲೋ ಬೇಡವೋ ಎನ್ನಿಸಿತು. ಶಂಕ್ರವ್ವನ ಗಂಡ ಲಗಮಪ್ಪ ತೀರಿಕೊಂಡು ಒಂಬತ್ತು ವರ್ಷ. "ಲಗಮಣ್ಣ ಅದಾರ" ಎಂದಳು. "ಬರೀ ಮೈಯಾಗ ಕುಂತು ಹಗ್ಗ ಹೊಸಿಯಾಕತ್ತಾರ. ಮಾತಾಡಸಲೇನ?"

ಹೊಸ ಮನೆಯ ಮೆಟ್ಟಿಲ ಮೇಲೆ ಇಬ್ಬರು ಹೆಂಗಸರು ಕಣ್ಣು ಮುಚ್ಚಿ ಕುಳಿತಿದ್ದರು. ಶಂಕ್ರವ್ವನ ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳುವ ಗೊಡವೆಗೆ ಅವಳು ಹೋಗಲಿಲ್ಲ. ಕೈ ಚಾಚಿ ಮಹಾದೇವಕ್ಕನ ಮುಂಗೈ ಹುಡುಕಿ ಹಿಡಿದಳು.

"ಮೊಮ್ಮಗಳ ಮದಿವಿ ಐತಿ ಅಂತ ಹೇಳು. ನಿನ್ನ ಬಾಯಿಲೆ ಮೊದಲನೇ ಹೇಳಿಕಿ ಅವರಿಗೇ ಆಗಲಿ. ನಾಳಿಂದ ಊರಿಗೆ ಹೇಳಾಕ ಹೊಂಡು."

ಮಹಾದೇವಕ್ಕ ಸೆರಗು ಸರಿಮಾಡಿಕೊಂಡಳು. ಹುಡುಗಿಯ ಹೆಸರು, ಹುಡುಗನ ಊರು, ಅಕ್ಕಿಕಾಳು ಬೀಳುವ ಮುಹೂರ್ತ, ಒಂದನ್ನೂ ತಪ್ಪಿಸದೆ ಹೇಳಿದಳು.

"ಏನಂದರು?" ಶಂಕ್ರವ್ವ ಪಿಸುಗುಟ್ಟಿದಳು.

"ಏನೂ ಅನ್ಲಿಲ್ಲ. ಎದ್ದು ಗೂಟದಾಗಿಂದ ಅಂಗಿ ತಗೊಂಡು ಹಾಕ್ಕೊಳ್ಳಾಕತ್ತಾರ."